ಸೌದೆಗೆ ಚೈನ್ ಸಾ: ಮಧ್ಯಮ ಗಾತ್ರದ ಯಂತ್ರ ಮತ್ತು ಚೈನಿನ ಆಯ್ಕೆ

ಪೆಟ್ರೋಲಿನಿಂದ ಓಡುವ ಚೈನ್ ಗರಗಸಗಳಲ್ಲಿ ಎಂಜಿನ್ನು ಸುಮಾರು 45ರಿಂದ 60 ಸಿಸಿ, ಶಕ್ತಿ 2ರಿಂದ 3.5 ಕಿಲೋವ್ಯಾಟ್, ಬಾರ್ ಮತ್ತು ಚೈನ್ ಬಿಟ್ಟು ತೂಕ ನಾಲ್ಕೂವರೆಯಿಂದ ಆರು ಕಿಲೋ ಇರುವಂಥವನ್ನು ಮಧ್ಯಮ ಗಾತ್ರದವೆಂದು ಎಣಿಸುವುದು ರೂಢಿ. ಇದಕ್ಕಿಂತ ಸಣ್ಣವು ಕೊಂಬೆ ಸವರುವುದಕ್ಕೆ, ದೊಡ್ಡವು ಭಾರಿ ನಾಟಾ ಮರ ಉರುಳಿಸುವುದಕ್ಕೆ. ಮಲೆನಾಡು, ಕೊಡಗು, ಕರಾವಳಿಯ ತೋಟದ ಮನೆಗಳಲ್ಲಿ ಬಚ್ಚಲ ಹಂಡೆಗೂ ಅಡಿಕೆ ಬೇಯಿಸುವ ಒಲೆಗೂ ಬೇಕಾದ ಸೌದೆಯನ್ನು ಕೊಯ್ಯಲು ಹೊಂದುವುದು ಈ ನಡುವಿನ ವರ್ಗ. ಕೊಳ್ಳಲು ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಸಿಸಿ ಎಂದು, ಆಮೇಲೆ ಬಾರ್ ಎಷ್ಟು ಇಂಚು ಎಂದು. ಚೈನಿನ ವಿಚಾರ ಬರುವುದು ಕೊನೆಗೆ, ಹಲವು ಸಲ ಬರುವುದೇ ಇಲ್ಲ; ಪೆಟ್ಟಿಗೆಯೊಳಗೆ ಏನಿತ್ತೋ ಅದೇ ಯಂತ್ರದ ಮೇಲೇರುತ್ತದೆ. ಈ ಕ್ರಮ ತಲೆಕೆಳಗಾಗಿದೆ. ಮರವನ್ನು ಕೊಯ್ಯುವುದು ಚೈನಿನ ಹಲ್ಲು; ಎಂಜಿನ್ನು ಆ ಹಲ್ಲನ್ನು ಓಡಿಸುತ್ತದೆ, ಅಷ್ಟೆ. ಆದ್ದರಿಂದ ಯಾವ ಮರ ಎಂಬುದರಿಂದ ಹೊರಟು ಚೈನಿಗೆ, ಚೈನಿನಿಂದ ಬಾರಿಗೆ, ಕಡೆಗೆ ಎಂಜಿನ್ನಿಗೆ ಬರುವವರು ಕಡಿಮೆ ಹಣದಲ್ಲಿ ಹೆಚ್ಚು ಕೆಲಸ ಮಾಡುವ, ಮೈಗೂ ಕ್ಷೇಮವಾದ ಯಂತ್ರವನ್ನು ಆರಿಸಿಕೊಳ್ಳುತ್ತಾರೆ.

ಈ ಯಂತ್ರದ ಚರಿತ್ರೆಯೂ ಅದನ್ನೇ ಹೇಳುತ್ತದೆ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಚೈನ್ ಗರಗಸವನ್ನು ತಯಾರಿಸಿದ. ಮರುವರ್ಷ ಎಮಿಲ್ ಲೆರ್ಪ್ ಪೆಟ್ರೋಲ್ ಯಂತ್ರವೊಂದನ್ನು ತುರಿಂಗಿಯಾದ ಡೋಲ್ಮಾರ್ ಬೆಟ್ಟದ ಮೇಲೆ ಪರೀಕ್ಷಿಸಿದ, ಡೋಲ್ಮಾರ್ ಎಂಬ ಕಂಪನಿಯ ಹೆಸರು ಬಂದದ್ದು ಅಲ್ಲಿಂದ. ಇಬ್ಬರು ಆಳು ಹಿಡಿಯಬೇಕಾದ ಆ ಭಾರದ ಯಂತ್ರಗಳಲ್ಲಿ ಎಂಜಿನ್ನಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಹಲ್ಲಿನಲ್ಲಿ. ಕೈಗರಗಸದ ಹಲ್ಲನ್ನೇ ಚೈನಿಗೆ ಕೂರಿಸಿದ್ದರಿಂದ ಕೆಲವು ಹಲ್ಲು ಮರವನ್ನು ಗೀರುತ್ತಿದ್ದವು, ಕೆಲವು ಆ ಪುಡಿಯನ್ನು ಹೊರಗೆಳೆಯುತ್ತಿದ್ದವು. ಬೇಗ ಮೊಂಡಾಗುತ್ತಿದ್ದವು, ಹರಿತ ಮಾಡುವುದಂತೂ ದೊಡ್ಡ ಪಾಡು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಮರ ಕೊರೆಯುವ ದುಂಬಿಯ ಹುಳು ತನ್ನ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ನಾರನ್ನು ಕತ್ತರಿಸಿಕೊಂಡು ಹೋಗುವುದನ್ನು ನೋಡಿ, ಅದೇ ಬಗೆಯ ಬಾಗಿದ ಹಲ್ಲನ್ನು ಎಡ ಬಲವಾಗಿ ಒಂದರ ಹಿಂದೊಂದು ಜೋಡಿಸಿದ ಚೈನನ್ನು 1947ರಲ್ಲಿ ಮಾರುಕಟ್ಟೆಗೆ ತಂದ. ಇಂದು ಜಗತ್ತಿನಲ್ಲಿ ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಚೈನುಗಳೂ ಆ ಹಲ್ಲಿನ ಸಂತತಿ. ಒಬ್ಬನೇ ಹಿಡಿಯಬಲ್ಲ, ಸುಮಾರು 12 ಕಿಲೋ ತೂಕದ ಸ್ಟಿಲ್ ಕಾಂಟ್ರಾ 1959ರಲ್ಲಿ ಬಂದಾಗ ಅದಕ್ಕೆ ತಕ್ಕ ಹಲ್ಲು ಆಗಲೇ ಸಿದ್ಧವಾಗಿತ್ತು. ಇಪ್ಪತ್ತು ವರ್ಷ ಎಂಜಿನ್ನಿದ್ದೂ ಆಗದ ಕೆಲಸವನ್ನು ಒಂದು ಒಳ್ಳೆಯ ಹಲ್ಲು ಹನ್ನೆರಡು ವರ್ಷದಲ್ಲಿ ಮಾಡಿಸಿತು.

ಮರದ ವಿಚಾರಕ್ಕೆ ಬಂದರೆ, ನಮ್ಮ ಸೌದೆ ಒಂದೇ ಜಾತಿಯದಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಒಣಗಿದ ಮೇಲೆ ಘನ ಮೀಟರಿಗೆ 600 ಕಿಲೋ ಆಸುಪಾಸಿನ, ಕೊಯ್ಯಲು ಸುಲಭವಾದ ಮರ. ಕರಾವಳಿಯ ಸರ್ವೆ ಅದೇ ಅಳತೆಗೆ 800 ಕಿಲೋ ಮೀರುತ್ತದೆ. ಒಣಗಿದ ಸರ್ವೆಯ ಕೊರಡು ಹಲ್ಲಿಗೆ ಕಬ್ಬಿಣದಂತೆ ಎದುರಾಗುತ್ತದೆ. ಮಲೆನಾಡಿನ ನೆಡುತೋಪುಗಳ ಅಕೇಶಿಯಾ, ನೀಲಗಿರಿ, ಹಿತ್ತಲ ಹಲಸು, ಮಾವು, ನೇರಳೆ ಈ ಎರಡರ ನಡುವೆ ಬರುತ್ತವೆ. ಬಯಲುಸೀಮೆಯ ಬಳ್ಳಾರಿ ಜಾಲಿ ಗಾತ್ರದಲ್ಲಿ ಸಣ್ಣದು, ಆದರೆ ಬಲು ಗಟ್ಟಿ. ಗಟ್ಟಿತನವೊಂದೇ ಲೆಕ್ಕವೂ ಅಲ್ಲ. ತೇಗದಲ್ಲಿ ಸಿಲಿಕಾ ಇರುವುದರಿಂದ ಅದು ಕೊಯ್ಯಲು ಕಷ್ಟವೆನಿಸದಿದ್ದರೂ ಹಲ್ಲಿನ ಅಂಚನ್ನು ತಿನ್ನುತ್ತದೆ. ತೆಂಗಿನ ಕಾಂಡದ ಹೊರಭಾಗವೂ ಹಾಗೆಯೇ. ಇವೆಲ್ಲಕ್ಕಿಂತ ಹೆಚ್ಚಿನ ಶತ್ರು ಮಣ್ಣು. ಜಂಬಿಟ್ಟಿಗೆಯ ನೆಲದ ಮೇಲೆ ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಕಲ್ಲುಹರಳು ಸಿಕ್ಕಿಕೊಂಡಿರುತ್ತವೆ, ಮತ್ತು ಸೌದೆ ಕೊಯ್ಯುವ ಕೆಲಸದಲ್ಲಿ ದಿಮ್ಮಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ನಾಟಾ ಕಡಿಯುವವನು ನಿಂತ ಮರದ ಶುದ್ಧ ಕಾಂಡವನ್ನು ಕೊಯ್ಯುತ್ತಾನೆ. ಸೌದೆಯವನಿಗೆ ಸಿಗುವುದು ಬಿದ್ದದ್ದು, ಒಣಗಿದ್ದು, ಕೆಸರು ಮೆತ್ತಿದ್ದು. ಚೈನಿನ ಆಯ್ಕೆಯ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ. ಹಸಿ ಇರುವಾಗಲೇ ಕೊಯ್ದು, ಸೀಳಿ, ಮಳೆಗಾಲಕ್ಕೆ ಮುಂಚೆ ಸೌದೆಕೊಟ್ಟಿಗೆಯಲ್ಲಿ ಪೇರಿಸುವವರಿಗೆ ಎರಡು ಲಾಭ: ಹಸಿ ಮರ ಹಲ್ಲಿಗೆ ಮೆತ್ತಗಿರುತ್ತದೆ, ಸೀಳಿದ ತುಂಡು ಬೇಗ ಒಣಗುತ್ತದೆ. ಇಡೀ ದಿಮ್ಮಿಯನ್ನು ಒಣಗಲು ಬಿಟ್ಟು ಆಮೇಲೆ ಕೊಯ್ಯುವ ಪದ್ಧತಿ ಚೈನನ್ನೂ ಸವೆಸುತ್ತದೆ, ಒಣಗಲು ಕಾಲವನ್ನೂ ಹೆಚ್ಚು ತಿನ್ನುತ್ತದೆ.

ಚೈನನ್ನು ಮೂರು ಗುಣಗಳಿಂದ ಗುರುತಿಸಬೇಕು: ಪಿಚ್, ಗೇಜ್ (ಬಾರಿನ ತೋಡಿನೊಳಗೆ ಕೂರುವ ಲಿಂಕಿನ ದಪ್ಪ), ಹಲ್ಲಿನ ಆಕಾರ. ಸಾಲಾಗಿ ಬರುವ ಮೂರು ರಿವೆಟ್‌ಗಳ ನಡುವಿನ ಅಂತರದ ಅರ್ಧವೇ ಪಿಚ್. ಮಧ್ಯಮ ಯಂತ್ರಗಳಲ್ಲಿ ಎರಡು ಪಿಚ್ ಬಳಕೆಯಲ್ಲಿವೆ: 0.325 ಇಂಚು, ಅಂದರೆ 8.25 ಮಿಲಿಮೀಟರ್, ಮತ್ತು 3/8 ಇಂಚು, ಇದು ವಾಸ್ತವದಲ್ಲಿ 9.32 ಮಿಲಿಮೀಟರ್. ಇವೆರಡರ ನಡುವಿನ ಆಯ್ಕೆಯನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಚೈನನ್ನು ಎಳೆಯುವ ಏಳು ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಒಂದು ಸುತ್ತು ತಿರುಗಿದಾಗ ಚೈನ್ ಹದಿನಾಲ್ಕು ಪಿಚ್‌ನಷ್ಟು ಮುಂದೆ ಸರಿಯುತ್ತದೆ. 0.325ರಲ್ಲಿ ಇದು ಸುಮಾರು 115 ಮಿಲಿಮೀಟರ್, 3/8ರಲ್ಲಿ 130. ಎಂಜಿನ್ನು ನಿಮಿಷಕ್ಕೆ 9,500 ಸುತ್ತು ತಿರುಗುತ್ತಿದ್ದರೆ ಮೊದಲನೆಯದು ಸೆಕೆಂಡಿಗೆ 18 ಮೀಟರಿಗೆ ತುಸು ಮೇಲೆ, ಎರಡನೆಯದು 20 ಮೀಟರ್ ದಾಟಿ ಓಡುತ್ತದೆ. ಎರಡನೆಯದು ವೇಗದ್ದು ಎಂದು ಕಾಣುತ್ತದೆ, ಆದರೆ ಆ ವೇಗವನ್ನು ಮರದೊಳಗೂ ಉಳಿಸಿಕೊಳ್ಳಬೇಕಲ್ಲ. 3/8ರ ಹಲ್ಲು ದೊಡ್ಡದು, ಅದು ಬಿಡುವ ಸೀಳುಗಂಡಿ ಅಗಲ, ಸುತ್ತಿಗೆ ಹೆಚ್ಚು ಉದ್ದ ಎಳೆಯುವುದರಿಂದ ಎಂಜಿನ್ನಿಗೆ ಹೊರೆಯೂ ಹೆಚ್ಚು. 50 ಸಿಸಿಯ ಯಂತ್ರ ಒಣ ಸರ್ವೆಯಲ್ಲಿ ಈ ಹೊರೆಗೆ ಕುಗ್ಗಿ ಸುತ್ತು ಕಳೆದುಕೊಂಡರೆ ಲೆಕ್ಕದ ಲಾಭ ಅಲ್ಲೇ ಕರಗುತ್ತದೆ. ಆದ್ದರಿಂದ 45ರಿಂದ 55 ಸಿಸಿವರೆಗಿನ ಯಂತ್ರಕ್ಕೆ 0.325, ಅದರಲ್ಲೂ ಕಿರಿದಾದ ಗಂಡಿ ಬಿಡುವ ಬಗೆ ಸಿಕ್ಕಿದರೆ ಅದು ಸೂಕ್ತ. 59 ಸಿಸಿಗೆ ಬಂದಾಗ 3/8 ತನ್ನ ಬೆಲೆ ತೋರಿಸುತ್ತದೆ. 3/8ರ ಪರವಾಗಿ ಒಂದು ಮಾತು ನ್ಯಾಯವಾದದ್ದು: ಅದರಲ್ಲಿ ಹಲ್ಲುಗಳ ಸಂಖ್ಯೆ ಕಡಿಮೆ, ಹಲ್ಲು ದೊಡ್ಡದಾದ್ದರಿಂದ ಹೆಚ್ಚು ಸಲ ಅರ ಹಾಕಿಸಿಕೊಂಡು ಬಾಳುತ್ತದೆ. ಮಣ್ಣಿನ ದಿಮ್ಮಿಯನ್ನೇ ದಿನವಿಡೀ ಕೊಯ್ಯುವವರಿಗೆ ಇದು ತೂಕದ ವಿಚಾರ. ವರ್ಷಕ್ಕೆ ಕೆಲವೇ ವಾರ ಸೌದೆ ಕೊಯ್ಯುವ ಮನೆಗೆ ಅಷ್ಟಲ್ಲ.

ಹಲ್ಲಿನ ಆಕಾರದಲ್ಲಿ ಎರಡು ಮುಖ್ಯ ಬಗೆ. ಮೂಲೆ ಚೌಕವಾಗಿ ಚೂಪಾಗಿರುವುದನ್ನು ಫುಲ್ ಚಿಸೆಲ್ ಎಂದೂ ಮೂಲೆ ಸ್ವಲ್ಪ ದುಂಡಗಿರುವುದನ್ನು ಸೆಮಿ ಚಿಸೆಲ್ ಎಂದೂ ಕರೆಯುತ್ತಾರೆ. ಶುದ್ಧವಾದ ಹಸಿ ಮರದಲ್ಲಿ ಫುಲ್ ಚಿಸೆಲ್ ಹೆಚ್ಚು ವೇಗ, ಇದರಲ್ಲಿ ವಿವಾದವಿಲ್ಲ. ಆದರೆ ನಾರನ್ನು ಮೊದಲು ಕಡಿಯುವುದು ಅದರ ಆ ಒಂದು ಚೂಪು ಮೂಲೆ. ಒಂದು ಹರಳು ತಾಗಿ ಆ ಮೂಲೆ ಹೋಯಿತೆಂದರೆ ಉಳಿದ ಅಂಚು ಹರಿತವಾಗಿದ್ದರೂ ಹಲ್ಲು ಕೊಯ್ಯುವುದನ್ನೇ ಬಿಡುತ್ತದೆ. ಸೆಮಿ ಚಿಸೆಲ್‌ನಲ್ಲಿ ಆ ಕೆಲಸವನ್ನು ಒಂದು ಬಾಗಿದ ಅಂಚು ಹಂಚಿಕೊಳ್ಳುವುದರಿಂದ ಅದು ನಿಧಾನವಾಗಿ ಮೊಂಡಾಗುತ್ತದೆ. ವೇಗದ ಮಾತೆತ್ತುವವರು ಅಳೆಯುವುದು ಒಂದು ದಿಮ್ಮಿ ತುಂಡಾಗಲು ಹಿಡಿದ ಸೆಕೆಂಡುಗಳನ್ನು. ಸೌದೆಯವರು ಅಳೆಯಬೇಕಾದದ್ದು ಒಂದು ಬೆಳಗಿನ ಹೊತ್ತಿನಲ್ಲಿ ಎಷ್ಟು ರಾಶಿ ಬಿತ್ತು ಎಂಬುದನ್ನು, ನಡುವೆ ನಿಲ್ಲಿಸಿ ಅರ ಹಾಕಿದ ಹೊತ್ತನ್ನೂ ಸೇರಿಸಿ. ಈ ಅಳತೆಗೋಲಿನಲ್ಲಿ, ಒಣ ಮರ, ಗಟ್ಟಿ ಮರ, ಮಣ್ಣು ಮೆತ್ತಿದ ಮರ ಮೂರಕ್ಕೂ ಸೆಮಿ ಚಿಸೆಲ್ ಮೇಲು. ಹಾಗಾದರೆ ಕಾರ್ಬೈಡ್ ತುದಿಯ ಚೈನ್ ಏಕೆ ಬೇಡ ಎಂದು ಕೇಳಬಹುದು. ಅದು ಮಣ್ಣನ್ನು ತಡೆಯುತ್ತದೆ ಎಂಬುದು ನಿಜ, ಆದರೆ ಬೆಲೆ ಹಲವು ಪಟ್ಟು, ಹರಿತಕ್ಕೆ ವಜ್ರದ ಪುಡಿಯ ಚಕ್ರವೇ ಬೇಕು, ಹಳೆಯ ಮೊಳೆಗೋ ಬೇಲಿತಂತಿಗೋ ತಾಗಿದರೆ ತುದಿ ಸಿಡಿದುಹೋಗುತ್ತದೆ. ತೋಟದ ಬದಿಯ ಮರಗಳಲ್ಲಿ ಬೇಲಿತಂತಿ ಹುದುಗಿರುವುದು ಅಪರೂಪವಲ್ಲ.

ಬಾರಿನ ಉದ್ದದಲ್ಲಿ ದೊಡ್ಡದರ ಮೋಹ ಬಿಡುವುದು ಒಳ್ಳೆಯದು. ಸೌದೆಗೆ ಬರುವ ದಿಮ್ಮಿಯ ದಪ್ಪ ಬಹುಮಟ್ಟಿಗೆ ಆರರಿಂದ ಹದಿನಾಲ್ಕು ಇಂಚು. 16 ಇಂಚಿನ ಬಾರ್ ಅದನ್ನು ಒಂದೇ ಸಲಕ್ಕೆ ದಾಟುತ್ತದೆ. ಎರಡೂ ಕಡೆಯಿಂದ ಕೊಯ್ದರೆ ಅದರ ಎರಡರಷ್ಟರ ಹತ್ತಿರದ ದಪ್ಪವೂ ಸಾಗುತ್ತದೆ. ಬಗ್ಗಿ ಕೊಯ್ಯುವ ಶ್ರಮ ತಗ್ಗಲಿ ಎಂದು 18 ಇಂಚು ಕೊಳ್ಳುವುದಕ್ಕೆ ಅರ್ಥವಿದೆ. 50 ಸಿಸಿ ಯಂತ್ರಕ್ಕೆ 20, 22 ಇಂಚು ಹಾಕುವುದರಲ್ಲಿ ಇಲ್ಲ. ಬಾರ್ ಉದ್ದವಾದಷ್ಟೂ ಎಳೆಯಬೇಕಾದ ಚೈನ್ ಹೆಚ್ಚು, ಎಣ್ಣೆ ಹೆಚ್ಚು, ಹರಿತ ಮಾಡಬೇಕಾದ ಹಲ್ಲು ಹೆಚ್ಚು, ಮತ್ತು ಬಾರಿನ ಮೂತಿ ಕಣ್ಣಿಗೆ ಕಾಣದ ದಿಮ್ಮಿಗೋ ಕಲ್ಲಿಗೋ ತಾಗುವ ಸಂಭವವೂ ಹೆಚ್ಚು.

ಇಷ್ಟಾದ ಮೇಲೆ ಎಂಜಿನ್ನು. ಸಿಸಿ ಶಕ್ತಿಯ ಅಳತೆಯಲ್ಲ ಎಂಬುದಕ್ಕೆ ಒಂದೇ ಕಂಪನಿಯ ಎರಡು ಯಂತ್ರಗಳೇ ಸಾಕ್ಷಿ. ಸ್ಟಿಲ್ ಎಂಎಸ್ 271 ಮತ್ತು ಎಂಎಸ್ 261 ಎರಡೂ 50.2 ಸಿಸಿಯವು. ಮೊದಲನೆಯದರ ಶಕ್ತಿ 2.6 ಕಿಲೋವ್ಯಾಟ್, ತೂಕ 5.6 ಕಿಲೋ, ಎರಡನೆಯದರದು 3 ಕಿಲೋವ್ಯಾಟ್, ತೂಕ 4.9 ಕಿಲೋ. ಸಿಲಿಂಡರಿನೊಳಗೆ ಗಾಳಿ ಇಂಧನ ಹರಿಯುವ ದಾರಿ, ತಿರುಗುವ ವೇಗ, ಮೆಗ್ನೀಸಿಯಂ ಕ್ರ್ಯಾಂಕ್‌ಕೇಸೋ ಪ್ಲಾಸ್ಟಿಕ್ ಒಡಲೋ ಎಂಬುದೆಲ್ಲ ಸೇರಿ ಈ ವ್ಯತ್ಯಾಸ. ಹಸ್ಕ್‌ವರ್ನಾದ 450 ಮತ್ತು 550 ಎಕ್ಸ್‌ಪಿ ನಡುವೆಯೂ ಇಂಥದೇ ಅಂತರ. ಆದ್ದರಿಂದ ಕೊಳ್ಳುವವರು ನೋಡಬೇಕಾದದ್ದು ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋವ್ಯಾಟ್ ಎಂಬುದನ್ನು. ವೃತ್ತಿಯವರ ಯಂತ್ರಕ್ಕೆ ಬೆಲೆ ಹೆಚ್ಚು. ವರ್ಷಕ್ಕೆ ಕೆಲವು ಲೋಡು ಸೌದೆ ಸಾಕಾಗುವ ಮನೆಗೆ 2.3ರಿಂದ 2.6 ಕಿಲೋವ್ಯಾಟ್ ಯಂತ್ರ ಸಾಲುತ್ತದೆ, ಉಳಿದ ಹಣ ಎರಡು ಹೆಚ್ಚುವರಿ ಚೈನಿಗೂ ಕಾಲಿನ ರಕ್ಷಣೆಗೂ ಹೋಗಲಿ. ದೊಡ್ಡ ಎಂಜಿನ್ನಿದ್ದರೆ ಹೊತ್ತು ಉಳಿಯುವುದಿಲ್ಲವೇ ಎಂಬ ಆಕ್ಷೇಪ ಸಹಜವಾದದ್ದು. ಮೂವತ್ತು ಇಂಚಿನ ದಿಮ್ಮಿಯಲ್ಲಿ ಉಳಿಯುತ್ತದೆ. ಹತ್ತು ಇಂಚಿನದರಲ್ಲಿ ಕೊಯ್ಯುವ ಹೊತ್ತು ಕೆಲವೇ ಸೆಕೆಂಡು. ಉಳಿದ ಹೊತ್ತೆಲ್ಲ ದಿಮ್ಮಿ ಹೊರಳಿಸುವುದರಲ್ಲಿ, ತುಂಡು ಎತ್ತಿಡುವುದರಲ್ಲಿ, ಮುಂದಿನ ಕೊಯ್ತಕ್ಕೆ ನಡೆಯುವುದರಲ್ಲಿ ಹೋಗುತ್ತದೆ. ಆ ಹೊತ್ತಿನುದ್ದಕ್ಕೂ ಯಂತ್ರದ ತೂಕ ತೋಳಿನ ಮೇಲೆಯೇ ಇರುತ್ತದೆ.

ಆನ್‌ಲೈನ್ ಮಾರಾಟದಲ್ಲಿ ಹೆಸರಾಂತ ಯಂತ್ರದ ಸಣ್ಣ ಪಾಲು ಬೆಲೆಗೆ 58 ಸಿಸಿ ಎಂದು ಬರೆದುಕೊಂಡು, 22 ಇಂಚಿನ ಬಾರ್ ಹೊತ್ತುಕೊಂಡು ಬರುವ ಯಂತ್ರಗಳ ಪರವಾದ ವಾದ ಗಟ್ಟಿಯಾಗಿಯೇ ಇದೆ: ಬಡ ರೈತನಿಗೆ ಅದಾದರೂ ಕೈಗೆಟಕುತ್ತದೆ. ಈ ವಾದವನ್ನು ತಳ್ಳಿಹಾಕಬಾರದು. ಅಂಥದನ್ನು ಕೊಂಡವರು ಅದರೊಂದಿಗೆ ಬಂದ ಚೈನನ್ನು ತೆಗೆದು ಒಳ್ಳೆಯ ಸೆಮಿ ಚಿಸೆಲ್ ಚೈನನ್ನೂ ಅದಕ್ಕೆ ಹೊಂದುವ 18 ಇಂಚಿನ ಬಾರನ್ನೂ ಹಾಕಿದರೆ ಅದೇ ಎಂಜಿನ್ನು ಹೆಚ್ಚು ಕೊಯ್ಯುತ್ತದೆ. ಚೈನೇ ಮುಖ್ಯವೆಂಬ ವಾದಕ್ಕೆ ಇದು ಇನ್ನೊಂದು ಪುರಾವೆ. ಆದರೆ ಅದರ ಕಂಪನ ತಡೆ, ಚೈನ್ ಬ್ರೇಕ್, ಬಿಡಿಭಾಗದ ಲಭ್ಯತೆ ಇವು ಮೂರರಲ್ಲಿ ರಾಜಿ ಮಾಡಿಕೊಳ್ಳಬಾರದು. ಯಂತ್ರದ ಕಂಪನ ಬೆರಳಿನ ರಕ್ತನಾಳಗಳನ್ನು ಕೆಡಿಸಿ ಬೆರಳು ಬಿಳಿಚಿ ಮರಗಟ್ಟುವ ರೋಗ ತರುತ್ತದೆ. ಯುರೋಪಿನ 2002ರ ನಿರ್ದೇಶನ ಎಂಟು ಗಂಟೆಯ ದುಡಿಮೆಗೆ ಲೆಕ್ಕ ಹಾಕಿದ ಕಂಪನ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗವನ್ನು ತಲುಪಿದರೆ ಕ್ರಮ ಕೈಗೊಳ್ಳಬೇಕೆಂದೂ 5ನ್ನು ಮೀರಲೇಬಾರದೆಂದೂ ಹೇಳಿದೆ. ಮೊಂಡು ಚೈನ್ ಈ ಕಂಪನವನ್ನು ಇನ್ನಷ್ಟು ಏರಿಸುತ್ತದೆ. ಬ್ಯಾಟರಿ ಯಂತ್ರಗಳು ಈಗ ಸಣ್ಣ ಪೆಟ್ರೋಲ್ ಯಂತ್ರಗಳಿಗೆ ಸರಿಸಮವಾಗಿವೆ, ಸದ್ದೂ ಕಡಿಮೆ. ಮನೆಯಂಗಳದ ಕೆಲಸಕ್ಕೆ ಸರಿ, ವಿದ್ಯುತ್ತಿನಿಂದ ದೂರದ ತೋಟದಲ್ಲಿ ದಿನವಿಡೀ ಕೊಯ್ಯುವುದಕ್ಕೆ ಹೆಚ್ಚುವರಿ ಬ್ಯಾಟರಿಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚೈನನ್ನು ಆರಿಸಿದವರು ಅದನ್ನು ಹರಿತವಾಗಿಡಲು ಸಿದ್ಧರಿಲ್ಲದಿದ್ದರೆ ಮೇಲಿನ ಮಾತೆಲ್ಲ ವ್ಯರ್ಥ. 0.325 ಪಿಚ್ಚಿಗೆ 4.8 ಮಿಲಿಮೀಟರಿನ ಗುಂಡು ಅರ, 3/8ಕ್ಕೆ 5.2 ಅಥವಾ 5.5. ಕೋನ ಸಾಮಾನ್ಯವಾಗಿ 30 ಡಿಗ್ರಿ. ಗಟ್ಟಿ ಮರಕ್ಕೆ 25ಕ್ಕೆ ಇಳಿಸಿದರೆ ಅಂಚು ಹೆಚ್ಚು ಹೊತ್ತು ನಿಲ್ಲುತ್ತದೆ. ಅರವನ್ನು ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ಎಲ್ಲ ಹಲ್ಲಿಗೂ ಒಂದೇ ಲೆಕ್ಕದ ಉಜ್ಜು. ಒಂದು ಬದಿಯ ಹಲ್ಲು ಇನ್ನೊಂದಕ್ಕಿಂತ ಗಿಡ್ಡವಾದರೆ ಅಥವಾ ಮೊಂಡಾದರೆ ಕೊಯ್ತ ಓರೆಯಾಗಿ ಬಾರ್ ದಿಮ್ಮಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಲವರು ಮರೆಯುವುದು ಹಲ್ಲಿನ ಮುಂದಿರುವ ಸಣ್ಣ ದಿಬ್ಬವನ್ನು, ರೇಕರ್ ಎನ್ನುವುದು ಅದನ್ನೇ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಅದು; ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರಾಗಿರುವುದರಿಂದ ಅರ ಹಾಕಿದಷ್ಟೂ ಅದು ಕುಳ್ಳಾಗುತ್ತದೆ, ರೇಕರ್ ಮಾತ್ರ ಹಾಗೇ ಉಳಿಯುತ್ತದೆ. ಆಗ ಹಲ್ಲು ಎಷ್ಟು ಹರಿತವಾಗಿದ್ದರೂ ಮರವನ್ನು ಸವರಿಕೊಂಡು ಹೋಗುತ್ತದೆ. ಅದನ್ನು ಅತಿಯಾಗಿ ತಗ್ಗಿಸಿದರೆ ಹಲ್ಲು ಗಬಕ್ಕನೆ ಕಚ್ಚಿ ಯಂತ್ರ ಜಗ್ಗುತ್ತದೆ, ಮುಖದ ಕಡೆಗೆ ಚಿಮ್ಮುವ ಸಂಭವವೂ ಏರುತ್ತದೆ. ಚೈನಿನ ಆರೋಗ್ಯವನ್ನು ನೆಲ ನೋಡಿ ತಿಳಿಯಬಹುದು: ಚಕ್ಕೆ ಬೀಳುತ್ತಿದ್ದರೆ ಹರಿತ, ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಮೊಂಡು. ಮೊಂಡಾದ ಚೈನನ್ನು ಒತ್ತಿ ಒತ್ತಿ ಕೊಯ್ದರೆ ಬಾರ್ ಕಾದು, ಕ್ಲಚ್ ಸವೆದು, ಕಡೆಗೆ ಎಂಜಿನ್ನಿಗೇ ಪೆಟ್ಟು ಬೀಳುತ್ತದೆ. ಶಕ್ತಿ ಸಾಲದೆಂದು ದೊಡ್ಡ ಯಂತ್ರದ ಯೋಚನೆಗೆ ಬೀಳುವವರು ಮೊದಲು ಅರ ಹಿಡಿದು ನೋಡಬೇಕು.

ಎಣ್ಣೆ ಇಂಧನಗಳ ವಿಚಾರದಲ್ಲಿ ಎರಡು ಮಾತು ನಮ್ಮ ಸನ್ನಿವೇಶಕ್ಕೆ ವಿಶೇಷವಾಗಿ ಸೇರಿದ್ದು. ದೇಶದ ಪೆಟ್ರೋಲ್ ಬಂಕುಗಳಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆತ ಇಂಧನ ಸಿಗುತ್ತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾನಿನೊಳಗೆ ತಿಂಗಳುಗಟ್ಟಲೆ ಉಳಿದರೆ ನೀರು ಮತ್ತು ಎಥನಾಲ್ ತಳಕ್ಕೆ ಬೇರ್ಪಡುತ್ತವೆ, ಕಾರ್ಬುರೇಟರಿನ ರಬ್ಬರ್ ಪೊರೆ ಗಟ್ಟಿಯಾಗುತ್ತದೆ. ಆದ್ದರಿಂದ ಎಷ್ಟು ಎಥನಾಲ್ ತಾಳುತ್ತದೆಂದು ಆಯಾ ಯಂತ್ರದ ಕೈಪಿಡಿಯಲ್ಲಿ ಕೊಳ್ಳುವ ಮುಂಚೆಯೇ ನೋಡಬೇಕು, ಬೇಕಾದಷ್ಟನ್ನೇ ಬೆರೆಸಬೇಕು, ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಪೆಟ್ರೋಲಿಗೆ ಬೆರೆಸುವ ಟೂ ಟಿ ಆಯಿಲ್ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಎರಡನೆಯದು ಚೈನಿಗೆ ಹಾಕುವ ಎಣ್ಣೆ. ಗಾಡಿಯಿಂದ ಇಳಿಸಿದ ವೇಸ್ಟ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ಅದನ್ನೇ ತುಂಬುವವರಿದ್ದಾರೆ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ; ಚೈನಿನಿಂದ ಸಿಡಿದು ಅದು ಕೈಗೆ, ಮುಖಕ್ಕೆ, ತೋಟದ ಮಣ್ಣಿಗೆ ಸೇರುತ್ತದೆ. ಅಂಟು ಗುಣವೂ ಇಲ್ಲದ್ದರಿಂದ ಬಾರಿನ ಮೂತಿ ದಾಟುವಷ್ಟರಲ್ಲಿ ಎರಚಿಹೋಗುತ್ತದೆ. ಉಳಿಸಿದ ಹಣ ಬಾರಿನ ಸವೆತದಲ್ಲಿ ಹೋಗುತ್ತದೆ.

ಬಾರಿನ ಮೂತಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಾಗಿದರೆ ಯಂತ್ರ ಹಿಂದಕ್ಕೆ, ಮುಖದ ಕಡೆಗೆ ಚಿಮ್ಮುತ್ತದೆ. ಇದೇ ಕಿಕ್‌ಬ್ಯಾಕ್. ಚೈನ್ ಬ್ರೇಕ್ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಚೈನನ್ನು ನಿಲ್ಲಿಸುತ್ತದೆ, ಆದರೆ ಸೆಕೆಂಡಿಗೆ 20 ಮೀಟರ್ ಓಡುವ ಚೈನು ಅಷ್ಟರೊಳಗೆ ಒಂದೆರಡು ಮೀಟರ್ ಕ್ರಮಿಸಿರಬಹುದು. ಹೊಸಬರಿಗೆ ರೇಕರಿನ ಪಕ್ಕದಲ್ಲಿ ತಡೆ ಕೊಂಡಿ ಇರುವ, ಚಿಮ್ಮುವಿಕೆ ಕಡಿಮೆಯಾದ ಚೈನ್ ಕೊಡಿಸುವುದು ಹೇಡಿತನವಲ್ಲ. ವೇಗದಲ್ಲಿ ಕಳೆದುಕೊಳ್ಳುವುದು ಅಲ್ಪ. ಕಾಲಿಗೆ ಚೈನ್ ತಡೆಯುವ ನಾರಿನ ಕವಚಗಳನ್ನು ಅವು ತಡೆಯಬಲ್ಲ ಚೈನಿನ ವೇಗದ ಮೇಲೆ ವರ್ಗೀಕರಿಸುತ್ತಾರೆ. ಮೊದಲ ವರ್ಗದ್ದು ಸೆಕೆಂಡಿಗೆ 20 ಮೀಟರ್. ಹೊರೆಯಿಲ್ಲದೆ ನಿಮಿಷಕ್ಕೆ 13,500 ಸುತ್ತು ತಿರುಗುವ ಯಂತ್ರದಲ್ಲಿ 0.325 ಚೈನ್ 26 ಮೀಟರ್ ವೇಗದಲ್ಲಿ ಓಡುತ್ತದೆಂಬುದನ್ನು ನೆನೆದರೆ ಪಂಚೆ ಎತ್ತಿಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಯಂತ್ರ ಹಿಡಿಯುವುದು ಎಂಥ ಅಪಾಯವೆಂದು ಬೇರೆ ಹೇಳಬೇಕಿಲ್ಲ. ಕಿವಿಗೆ ನೂರು ಡೆಸಿಬೆಲ್‌ಗೂ ಮೇಲಿನ ಸದ್ದು ಬೀಳುವುದರಿಂದ ಕಿವಿ ಮುಚ್ಚಿಗೆಯೂ ಅಷ್ಟೇ ಅಗತ್ಯ. ಕೂಲಿಗೆ ಬರುವ ಯಂತ್ರದವರಿಗೆ ಇವನ್ನು ಒದಗಿಸುವ ಹೊಣೆ ಕೆಲಸ ಕೊಟ್ಟವರದು.

ನಿಂತ ಮರಕ್ಕೆ ಯಂತ್ರ ತಾಗಿಸುವ ಮುಂಚೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನು ಗಮನಿಸಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್, ರಬ್ಬರ್, ತೆಂಗಿನಂಥ ಕೆಲವು ಜಾತಿಗಳನ್ನು ಅದು ವಿನಾಯಿತಿ ಪಟ್ಟಿಯಲ್ಲಿಟ್ಟಿದೆ. ಉಳಿದವಕ್ಕೆ ಸ್ವಂತ ಜಮೀನಿನಲ್ಲಿದ್ದರೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಇನ್ನು ಸವೆದ ಚೈನ್ ಬದಲಿಸಲು ಅಂಗಡಿಗೆ ಹೋಗುವಾಗ ಇಂಚಿನ ಲೆಕ್ಕವೊಂದನ್ನೇ ಹೇಳಿದರೆ ಸಾಲದು. ಬಾರಿನ ಮೇಲೆ ಕೊರೆದಿರುವ ಪಿಚ್, ಗೇಜ್ ಮತ್ತು ಡ್ರೈವ್ ಲಿಂಕುಗಳ ಸಂಖ್ಯೆ ಮೂರನ್ನೂ ಬರೆದುಕೊಂಡು ಹೋಗಬೇಕು. ಒಂದೇ 18 ಇಂಚಿನ ಬಾರಿಗೆ ಕಂಪನಿಗೆ ತಕ್ಕಂತೆ 72 ಲಿಂಕಿನದೂ 74 ಲಿಂಕಿನದೂ ಇರುತ್ತವೆ. ಗೇಜ್ ಎಂದರೆ ಬಾರಿನ ತೋಡಿನೊಳಗೆ ಕೂರುವ ಲಿಂಕಿನ ದಪ್ಪ: 1.3, 1.5 ಅಥವಾ 1.6 ಮಿಲಿಮೀಟರ್. 1.6ರ ತೋಡಿನಲ್ಲಿ 1.5ರ ಚೈನ್ ಕೂರುತ್ತದೆ, ಓಡುತ್ತದೆ, ಆದರೆ ಅಲುಗಾಡುತ್ತ ಓರೆ ಕೊಯ್ಯುತ್ತದೆ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ಹಾಳುಮಾಡುವುದರಿಂದ ಎರಡು ಚೈನ್ ಮುಗಿದಾಗ ಅದನ್ನೂ ಬದಲಿಸುವುದು, ಮತ್ತು ಪ್ರತಿ ಸಲ ಚೈನ್ ಬಿಚ್ಚಿದಾಗ ಬಾರನ್ನು ಮಗುಚಿ ಹಾಕಿ ಎರಡೂ ಅಂಚು ಸಮನಾಗಿ ಸವೆಯುವಂತೆ ನೋಡಿಕೊಳ್ಳುವುದು ವಾಡಿಕೆ.